ಕಾರ್ಖಾನೆಯ ನಕ್ಷೆಯನ್ನು ಗಟಾರದ ಕಡೆಯಿಂದ ಶುರು ಮಾಡಿ

ನನ್ನ ಮೇಜಿಗೆ ಬರುವ ಹೊಸ ಕಾರ್ಖಾನೆಗಳ ನಕ್ಷೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ನಡುವೆ ಪ್ರೊಡಕ್ಷನ್ ಬ್ಲಾಕ್. ಪಕ್ಕದಲ್ಲಿ ಗೋದಾಮು. ರಸ್ತೆ ಕಡೆಗೆ ಆಫೀಸು, ಅದರ ಮುಂದೆ ಪೋರ್ಟಿಕೋ, ಒಂದಿಷ್ಟು ಹುಲ್ಲುಹಾಸು. ಎಲ್ಲ ಮುಗಿದ ಮೇಲೆ ಹಿಂದಿನ ಕಾಂಪೌಂಡಿಗೆ ಅಂಟಿಕೊಂಡು ಒಂದು ಚಿಕ್ಕ ಚೌಕ. ಅದರೊಳಗೆ 'ಯುಟಿಲಿಟಿ' ಅಂತ ಬರೆದಿರುತ್ತಾರೆ.

ಆ ಚೌಕದಲ್ಲಿ ಏನೇನು ಕೂರಬೇಕು ಗೊತ್ತಾ? ಟ್ರಾನ್ಸ್‌ಫಾರ್ಮರ್, ಎಚ್‌ಟಿ ಪ್ಯಾನೆಲ್ ರೂಮು, ಜನರೇಟರ್. ಬಾಯ್ಲರ್, ಅದರ ಉರುವಲು, ಅದರ ಬೂದಿ. ಕೂಲಿಂಗ್ ಟವರ್, ಚಿಲ್ಲರ್, ಏರ್ ಕಂಪ್ರೆಸರ್, ನೈಟ್ರೋಜನ್ ಪ್ಲಾಂಟ್. ನೀರಿನ ಸಂಪು, ಸಾಫ್ಟ್‌ನರ್, ಆರ್‌ಒ, ಫೈರ್ ಪಂಪುಗಳು. ಕೊನೆಗೆ ಇಟಿಪಿ, ಅಂದರೆ ಹೊಲಸು ನೀರು ಶುದ್ಧ ಮಾಡುವ ಘಟಕ. ಔಷಧ, ರಾಸಾಯನಿಕ, ಬಟ್ಟೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಇದೆಲ್ಲ ಸೇರಿದರೆ ಪ್ರೊಡಕ್ಷನ್ ಬ್ಲಾಕಿಗಿಂತ ಜಾಸ್ತಿ ಜಾಗ ಬೇಡುವುದೂ ಉಂಟು.

ನಾನು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವಳು. ಹೊಸ ಕಾರ್ಖಾನೆಗಳಿಗೆ ನೀರು, ಕರೆಂಟು, ಹಬೆ, ಗಾಳಿಯ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸುತ್ತುತ್ತೇನೆ. ನನ್ನ ಬಳಿ ಬರುವ ಮಾಲೀಕರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ನಕ್ಷೆಯನ್ನು ಗಟಾರದ ಕಡೆಯಿಂದ ಶುರು ಮಾಡಿ. ನೀರು ಎಲ್ಲಿಂದ ಬರುತ್ತದೆ ಅನ್ನೋದು ಆಮೇಲಿನ ಪ್ರಶ್ನೆ. ಒಳಗೆ ಬಂದ ನೀರು ಏನಾಗಿ, ಎಷ್ಟಾಗಿ, ಎಲ್ಲಿಗೆ ಹೋಗುತ್ತದೆ ಅನ್ನೋದು ಮೊದಲ ಪ್ರಶ್ನೆ. ಸುಮ್ನೆ ಹೇಳುವ ಮಾತಲ್ಲ, ಹಿಂದೆ ಲೆಕ್ಕ ಇದೆ. ತೋರಿಸುತ್ತೇನೆ.

ಯಾದಗಿರಿ ಜಿಲ್ಲೆಯ ಸೈದಾಪುರದ ಹತ್ತಿರ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಇದೆ. ಮೂರು ಸಾವಿರ ಎಕರೆ ಮೀರಿದ ಜಾಗ. ರೈಲ್ವೆ ಬೋಗಿ ಫ್ರೇಮ್ ಕಾರ್ಖಾನೆ ಬಂದದ್ದು ಅಲ್ಲೇ. ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೂ ಬಂದಿವೆ. ಅಂಥ ಕಡೆ ಒಂದು ಮಧ್ಯಮ ಗಾತ್ರದ ರಾಸಾಯನಿಕ ಘಟಕ ಬರುತ್ತದೆ ಅಂತ ಇಟ್ಟುಕೊಳ್ಳಿ. ಹೊರಗೆ ಒಂದು ಹನಿ ಹೊಲಸು ನೀರೂ ಬಿಡುವಂತಿಲ್ಲ ಎಂಬ ಶರತ್ತು ಸಾಮಾನ್ಯವಾಗಿ ಇರುತ್ತದೆ. ಇದಕ್ಕೆ ಝಡ್‌ಎಲ್‌ಡಿ ಅನ್ನುತ್ತಾರೆ. ಉಪ್ಪು ಕಡಿಮೆ ಇರುವ ನೀರನ್ನು ಆರ್‌ಒಗೆ ಹಾಕಿ ಮರುಬಳಕೆ ಮಾಡಬಹುದು. ಉಪ್ಪು ಜಾಸ್ತಿ ಇರುವ ನೀರನ್ನು ಕುದಿಸಿ ಆವಿ ಮಾಡಿ, ಉಳಿದ ಉಪ್ಪನ್ನು ಒಣಗಿಸಿ ಚೀಲಕ್ಕೆ ತುಂಬಬೇಕು. ಈ ಕುದಿಸುವ ಯಂತ್ರವನ್ನು ಎಂಇಇ ಅಂತ ಕರೆಯುತ್ತಾರೆ. ಒಂದು ಪಾತ್ರೆಯಲ್ಲಿ ಹುಟ್ಟಿದ ಆವಿಯ ಶಾಖದಿಂದಲೇ ಮುಂದಿನ ಪಾತ್ರೆಯ ನೀರು ಕುದಿಯುತ್ತದೆ. ಅಂಥ ಮೂರು ಪಾತ್ರೆ ಇದ್ದರೆ, ಒಂದು ಕಿಲೋ ಹಬೆ ಕೊಟ್ಟಾಗ ಸುಮಾರು ಎರಡೂವರೆ ಕಿಲೋ ನೀರು ಆವಿಯಾಗುತ್ತದೆ.

ಈಗ ಲೆಕ್ಕ ನೋಡಿ. ದಿನಕ್ಕೆ 60 ಸಾವಿರ ಲೀಟರ್ ಉಪ್ಪು ನೀರನ್ನು ಆವಿ ಮಾಡಬೇಕು ಅಂದರೆ ದಿನಕ್ಕೆ 24 ಟನ್ ಹಬೆ ಬೇಕು. ತೊಳೆಯಲು, ರಿಪೇರಿಗೆ ಸಮಯ ಬಿಟ್ಟು 20 ತಾಸು ಓಡಿಸಿದರೆ ತಾಸಿಗೆ 1.2 ಟನ್. ಪ್ರೊಡಕ್ಷನ್ನಿಗೆ ತಾಸಿಗೆ 1.5 ಟನ್ ಬೇಕು ಅಂತಿಟ್ಟುಕೊಂಡರೆ ಒಟ್ಟು 2.7 ಟನ್. ಮಾಲೀಕರು ಖುಷಿಯಿಂದ "ಹಾಗಾದ್ರೆ ಮೂರು ಟನ್ ಬಾಯ್ಲರ್ ಸಾಕಲ್ವಾ ಮೇಡಂ" ಅನ್ನುತ್ತಾರೆ. ತಣ್ಣೀರು ಕೊಟ್ಟರೆ ಸಾಕಾಗುವುದಿಲ್ಲ. ಬಾಯ್ಲರ್ ಮೇಲೆ ಬರೆದ ಮೂರು ಟನ್ ಅಂಕಿ, 100 ಡಿಗ್ರಿ ನೀರನ್ನು 100 ಡಿಗ್ರಿ ಹಬೆ ಮಾಡುವಾಗಿನ ಅಂಕಿ. ನಾವು 30 ಡಿಗ್ರಿಯ ತಣ್ಣೀರು ಕೊಟ್ಟು ಚದರ ಸೆಂಟಿಮೀಟರಿಗೆ ಹತ್ತು ಕಿಲೋ ಒತ್ತಡದ ಹಬೆ ಕೇಳಿದರೆ ಅದೇ ಬಾಯ್ಲರ್ ಸುಮಾರು 2.55 ಟನ್ ಕೊಡುತ್ತದೆ. ಪ್ಲಾಂಟಿನಿಂದ ಬಿಸಿ ಕಂಡೆನ್ಸೇಟ್, ಅಂದರೆ ಹಬೆ ಮತ್ತೆ ನೀರಾದದ್ದನ್ನು, ವಾಪಸ್ ತಂದು 85 ಡಿಗ್ರಿ ನೀರು ಕೊಟ್ಟರೆ 2.8 ಟನ್ ಹತ್ತಿರ ಬರುತ್ತದೆ. ಹಾಗಾಗಿ ಕಂಡೆನ್ಸೇಟ್ ಪೈಪಿಗೂ ನಕ್ಷೆಯಲ್ಲಿ ಮೊದಲೇ ದಾರಿ ಬೇಕು.

ಗಟಾರಕ್ಕೆ ಹೋಗುವ ನೀರು ಬಾಯ್ಲರಿನ ಗಾತ್ರ ನಿರ್ಧರಿಸಿತು. ಬಾಯ್ಲರ್ ದೊಡ್ಡದಾದರೆ ಉರುವಲಿನ ಶೆಡ್ ದೊಡ್ಡದು, ಲಾರಿ ತಿರುಗುವ ಜಾಗ ದೊಡ್ಡದು, ಬೂದಿ ಗುಡ್ಡೆ ದೊಡ್ಡದು. ಇಟಿಪಿಯನ್ನು ಕಡೆಗೆ ನೋಡೋಣ ಅಂದವರು ಇದೆಲ್ಲವನ್ನೂ ಕಟ್ಟಿ ಮುಗಿಸಿದ ಮೇಲೆ ಒಡೆಯಬೇಕಾಗುತ್ತದೆ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ. ನಮ್ಮ ಕಡೆ ಬೋರಿನ ನೀರು ಗಡಸು. ಒಂದು ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇರುವ ನೀರನ್ನು ದಿನಕ್ಕೆ ಒಂದು ಲಕ್ಷ ಲೀಟರ್ ಸಾಫ್ಟ್‌ನರಿಗೆ ಹಾಕಿದರೆ 50 ಕಿಲೋ ಗಡಸು ಅದರೊಳಗಿನ ರೆಸಿನ್ ಕಾಳುಗಳಲ್ಲಿ ಕೂರುತ್ತದೆ. ಅದನ್ನು ತೊಳೆಯಲು ದಿನಕ್ಕೆ ನೂರು ಕಿಲೋ ಮೀರಿ ಉಪ್ಪು ಬೇಕು. ಸಾಫ್ಟ್‌ನರ್ ರೂಮಿನ ಮೂಲೆಯಲ್ಲಿ ಪೇರಿಸಿಟ್ಟ ಉಪ್ಪಿನ ಚೀಲಗಳನ್ನು ನೋಡಿದಾಗೆಲ್ಲ ನನಗೆ ಎಂಇಇ ಕಣ್ಣಿಗೆ ಬರುತ್ತದೆ. ಇಲ್ಲಿ ಸುರಿದ ಪ್ರತಿ ಚೀಲವೂ ನೀರಿನ ಜೊತೆ ಹರಿದು ಅಲ್ಲಿಗೇ ಹೋಗಬೇಕು. ಅಲ್ಲಿ ಮತ್ತೆ ಹಬೆ ಖರ್ಚು ಮಾಡಿ ಅದನ್ನು ಬೇರ್ಪಡಿಸಬೇಕು. ಉಪ್ಪಿಗೆ ಒಮ್ಮೆ ದುಡ್ಡು, ಅದನ್ನು ತೆಗೆಯಲು ಇನ್ನೊಮ್ಮೆ ದುಡ್ಡು, ಸಾಗಿಸಲು ಮತ್ತೊಮ್ಮೆ. ಹೊಳೆಯ ನೀರು ಸಾಮಾನ್ಯವಾಗಿ ಬೋರಿಗಿಂತ ಮೆದು. ಬೋರಿನ ನೀರು ಪುಕ್ಕಟೆ ಅನ್ನುವವರಿಗೆ ನಾನು ಈ ಲೆಕ್ಕ ಕೈಯಲ್ಲಿ ಬರೆದು ತೋರಿಸುತ್ತೇನೆ.

ಕೂಲಿಂಗ್ ಟವರಿನದೂ ಇದೇ ಕಥೆ. ತಾಸಿಗೆ 500 ಘನ ಮೀಟರ್ ನೀರು ತಿರುಗಿಸಿ ಐದು ಡಿಗ್ರಿ ತಣ್ಣಗೆ ಮಾಡುವ ಟವರಿನಲ್ಲಿ ದಿನಕ್ಕೆ ಸುಮಾರು 92 ಘನ ಮೀಟರ್ ಆವಿಯಾಗಿ ಹೋಗುತ್ತದೆ. ಉಳಿದ ನೀರಿನಲ್ಲಿ ಉಪ್ಪು ದಪ್ಪವಾಗುತ್ತದೆ. ಮೂರು ಪಟ್ಟು ದಪ್ಪವಾದಾಗ ಹೊರಗೆ ಬಿಟ್ಟರೆ ದಿನಕ್ಕೆ 46 ಘನ ಮೀಟರ್ ಗಟಾರದ ಪಾಲು. ನೀರು ಚೆನ್ನಾಗಿದ್ದು ಐದು ಪಟ್ಟಿನ ತನಕ ತಡೆದರೆ 23. ಅರ್ಧಕ್ಕೆ ಇಳಿಯಿತು! ಅಷ್ಟು ಕಡಿಮೆ ನೀರು ಒಳಗೆ ತಂದರೂ ಸಾಕು.

ಟವರ್ ಅಂದಾಗ ಸೆಕೆಯ ಮಾತು ಬರಲೇಬೇಕು. ಮೇ ತಿಂಗಳ ಕಲಬುರಗಿ ಬಿಸಿಲು ಹೇಗಿರುತ್ತದೆ ಅಂತ ಯಾರಿಗೂ ಹೇಳಬೇಕಿಲ್ಲ. ಆದರೆ ಎಲ್ಲರೂ ಅಂದುಕೊಳ್ಳುವ ಹಾಗೆ ಕೂಲಿಂಗ್ ಟವರಿಗೆ ಕಷ್ಟದ ತಿಂಗಳು ಮೇ ಅಲ್ಲ. ನಮ್ಮ ಬೇಸಿಗೆ ಒಣ ಬೇಸಿಗೆ. 43 ಡಿಗ್ರಿ ಇದ್ದು ಗಾಳಿಯ ತೇವ ಶೇ 15ರಷ್ಟಿದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23 ಡಿಗ್ರಿ ಆಸುಪಾಸು ತೋರಿಸುತ್ತದೆ. ಟವರ್ ನೀರನ್ನು ತಣ್ಣಗೆ ಮಾಡುವುದು ಈ ಒದ್ದೆ ಅಂಕಿಯನ್ನು ಹಿಡಿದು. ಮಳೆಗಾಲದಲ್ಲಿ 30 ಡಿಗ್ರಿ, ಶೇ 80 ತೇವ ಇದ್ದ ದಿನ ಅದೇ ಅಂಕಿ 27 ಆಗುತ್ತದೆ. ಅಂದರೆ ಜುಲೈ ತಿಂಗಳ ಮೋಡದ ದಿನ ಟವರಿನ ನೀರು ಮೇ ತಿಂಗಳಿಗಿಂತ ಬೆಚ್ಚಗೆ. ಟವರ್ ಆರಿಸುವುದು ಮಳೆಗಾಲ ನೋಡಿ. ಅದಕ್ಕೆ ನೀರು ಕೂಡಿಡುವುದು ಬೇಸಿಗೆ ನೋಡಿ, ಏಕೆಂದರೆ ಒಣ ಗಾಳಿಯಲ್ಲಿ ಆವಿ ಜಾಸ್ತಿ, ಆಗಲೇ ಭೀಮೆಯೂ ಬತ್ತಿರುತ್ತಾಳೆ.

ಮೇ ತಿಂಗಳು ಕಾಡುವುದು ಗಾಳಿಯಿಂದ ತಣ್ಣಗಾಗುವ ಯಂತ್ರಗಳನ್ನು. ನೀರು ತಣ್ಣಗೆ ಮಾಡುವ ಏರ್ ಕೂಲ್ಡ್ ಚಿಲ್ಲರಿನ ಕ್ಯಾಟಲಾಗಿನಲ್ಲಿ ಇರುವ ಟನ್ನೇಜು, ಅಂದರೆ ತಣ್ಣಗೆ ಮಾಡುವ ಶಕ್ತಿ, ಸಾಮಾನ್ಯವಾಗಿ 35 ಡಿಗ್ರಿ ಗಾಳಿಯದು. ನಮ್ಮಲ್ಲಿ ಅದನ್ನು ಕಾಂಕ್ರೀಟ್ ಮಾಳಿಗೆ ಮೇಲೆ, ಮೂರು ಕಡೆ ಗೋಡೆ ಕಟ್ಟಿ ಇಡುತ್ತಾರೆ. ತಾನೇ ಹೊರಹಾಕಿದ ಬಿಸಿ ಗಾಳಿಯನ್ನು ಮತ್ತೆ ತಾನೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಅದರ ಬಾಯಿ ಹತ್ತಿರ ಥರ್ಮಾಮೀಟರ್ ಹಿಡಿದರೆ ಊರಿನ ಉಷ್ಣಾಂಶಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ ಕಾಣುತ್ತದೆ. ಟ್ರಿಪ್ ಆಗದೆ ಇನ್ನೇನು? ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗಲೂ ಎಷ್ಟು ಡಿಗ್ರಿ ಗಾಳಿಗೆ ಮಾಡಿದ್ದು ಅಂತ ಕೇಳಲೇಬೇಕು. ಹೊರದೇಶದ ಮಾನದಂಡಕ್ಕೆ ಮಾಡಿದ್ದು 40 ಡಿಗ್ರಿಗೆ ಇರುತ್ತದೆ, ನಮ್ಮ ಭಾರತೀಯ ಮಾನದಂಡ 50 ಡಿಗ್ರಿಯದು. ಆ ಒಂದು ಸಾಲು ಆರ್ಡರಿನಲ್ಲಿ ಇರಬೇಕು.

ಇನ್ನು ನೆಲ. ಮೂರು ಜಿಲ್ಲೆ, ಮೂರು ತರದ ನೆಲ. ಒಂದೇ ಡ್ರಾಯಿಂಗನ್ನು ಮೂರೂ ಕಡೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಲಬುರಗಿಯ ಎರೆ ಭೂಮಿ ಸುಮ್ಮನೆ ಇರುವುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸಂಕುಚಿಸಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈ ತನಕ ಇಳಿಯುತ್ತದೆ. ಆ ಮಣ್ಣಿನೊಳಗೆ ನೇರವಾಗಿ ಹೂತ ಪೈಪು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಎಳೆಸಿಕೊಳ್ಳುತ್ತದೆ. ಪೈಪು ತಡೆದುಕೊಳ್ಳುತ್ತದೆ, ಜೋಡಣೆ ತಡೆಯುವುದಿಲ್ಲ. ಮ್ಯಾನ್‌ಹೋಲಿನ ಗೋಡೆಗೆ ಪೈಪು ಸೇರುವ ಕಡೆಯೇ ಮೊದಲು ಬಿಡುತ್ತದೆ. ಹೊಲಸು ನೀರು ಅಲ್ಲಿಂದ ಮಣ್ಣಿಗೆ ಇಳಿಯುತ್ತಾ ಹೋಗುತ್ತದೆ, ಮೇಲೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ರಾಸಾಯನಿಕ ನೀರಿನ ಪೈಪನ್ನು ನಾನು ಎರೆ ಭೂಮಿಯಲ್ಲಿ ಹೂಳಲು ಒಪ್ಪುವುದೇ ಇಲ್ಲ. ಕಂಬಗಳ ಮೇಲೆ ಪೈಪ್ ರ‍್ಯಾಕಿನಲ್ಲಿ ಹೋಗಲಿ. ಸೋರಿದರೆ ತಲೆ ಮೇಲೆ ತೊಟ್ಟಿಕ್ಕಿ ಕೂಡಲೇ ಗೊತ್ತಾಗಲಿ. ಹೂಳಲೇಬೇಕಾದ ಕಡೆ ಎರೆ ಮಣ್ಣು ತೆಗೆದು, ಉಬ್ಬದ ಮುರುಮ್ ತುಂಬಿ, ಕುಟ್ಟಿ, ಆಮೇಲೆ ಪೈಪು ಇಡಬೇಕು.

ಬೀದರಿನದು ಬೇರೆಯೇ ನೆಲ. ಕೋಟೆಯ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಆ ಕಲ್ಲಿನ ತುಂಬ ತೂತು. ಮಳೆ ನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಂತು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನಾನಕ್ ಝೀರಾದ ನೀರು ನೋಡಿದವರಿಗೆ ಇದು ಗೊತ್ತು. ಬಹಮನಿ ಕಾಲದವರು ಇದೇ ಗುಣ ಹಿಡಿದು ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು, ಪಂಪಿಲ್ಲದೆ ನೀರು ಹರಿಸಿದರು. ಕರೇಜ್, ಸುರಂಗ ಬಾವಿ ಅನ್ನುತ್ತೇವಲ್ಲ, ಅದು. ಅಂಥ ನೆಲದ ಮೇಲೆ ಇಟಿಪಿ ಟ್ಯಾಂಕನ್ನು ಗುಂಡಿ ತೋಡಿ ಕಟ್ಟಿದರೆ, ಒಂದು ಸಣ್ಣ ಬಿರುಕು ಬಿಟ್ಟರೂ ಹೊಲಸು ಅದೇ ದಾರಿ ಹಿಡಿಯುತ್ತದೆ. ಯಾವುದೋ ಊರಿನ ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೀದರಿನಲ್ಲಿ ಇಂಥ ಟ್ಯಾಂಕುಗಳೆಲ್ಲ ನೆಲದ ಮೇಲೆ, ಸುತ್ತಲೂ ನಡೆದು ನೋಡುವ ಹಾಗೆ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಪಂಪಿನ ಕರೆಂಟು ಸ್ವಲ್ಪ ಜಾಸ್ತಿ ಆಗುತ್ತದೆ. ಆಗಲಿ.

ಯಾದಗಿರಿಯಲ್ಲಿ ಹಲವು ಕಡೆ ಸ್ವಲ್ಪ ಅಗೆದರೆ ಬಂಡೆ. ಅಲ್ಲಿ ತೊಂದರೆ ಅಗೆಯುವ ಖರ್ಚಿನದು, ಮತ್ತೆ ಅರ್ಥಿಂಗಿನದು. ಬಂಡೆಯಲ್ಲಿ ಅರ್ಥಿಂಗ್ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿದರೆ ಕೆಲಸ ಆಗುವುದಿಲ್ಲ. ಜಾಗ ಕೊಳ್ಳುವ ಮೊದಲೇ ಮಣ್ಣಿನ ವಿದ್ಯುತ್ ನಿರೋಧ ಅಳೆಸಿ, ಅದೂ ಬೇಸಿಗೆಯಲ್ಲಿ.

ಮಳೆ ನೀರಿನ ಬಗ್ಗೆ ಒಂದು ಮಾತು. ಸೈದಾಪುರದ ಕಡೆ ಒಂದು ಪ್ಲಾಟಿನ ಮಟ್ಟ ಅಳೆಯುತ್ತಿದ್ದೆವು. ಪಕ್ಕದ ಹೊಲದ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ನೋಡುತ್ತಿದ್ದವರು ಕೇಳಿದರು: "ಮಳಿ ಬಂದ್ರ ಈ ಕಡಿ ನೀರೆಲ್ಲ ಇದೇ ತಗ್ಗಿನಾಗ ಹಾದು ಹಳ್ಳಕ್ಕ ಬೀಳ್ತಾವ್ರಿ ಬಾಯಾರ. ನೀವು ಗ್ವಾಡಿ ಕಟ್ಟಿದ ಮ್ಯಾಲ ಎಲ್ಲಿಗಿ ಹೋಗ್ತಾವ?" ನಮ್ಮ ಸರ್ವೆ ನಕ್ಷೆಯಲ್ಲಿ ಆ ತಗ್ಗು ಅರ್ಧ ಮೀಟರಿನ ಒಂದು ಗೆರೆ ಮಾತ್ರ. "ಎಷ್ಟು ನೀರು ಬರ್ತದ್ರಿ ಕಾಕಾ?" ಅಂತ ಕೇಳಿದೆ. ಅವರು ತೊಡೆ ಮುಟ್ಟಿ ತೋರಿಸಿದರು. ಎಷ್ಟು ಅಗಲ ಅಂದರೆ, ಇಲ್ಲಿಂದ ಆ ಬೇವಿನ ಗಿಡದ ತನಕ ಅಂದರು. ಟೇಪು ಹಿಡಿದು ಆ ದೂರ ಅಳೆದು, ಅವರು ತೋರಿಸಿದ ಆಳದ ಗುರುತು ಹಾಕಿ, ಆ ನೀರಿಗೆ ಗೋಡೆಯ ಹೊರಗೆ ಬೇರೆ ಕಾಲುವೆ ಇಟ್ಟೆವು. ಹೊರಗಿನ ಮಳೆ ನೀರು ಕಾರ್ಖಾನೆಯೊಳಗೆ ನುಗ್ಗಿದರೆ ಅದಷ್ಟೂ ರಾಸಾಯನಿಕ ಮುಟ್ಟಿದ ನೀರೇ ಆಗಿಬಿಡುತ್ತದೆ. ಇಟಿಪಿ ಮುಳುಗಿತು ಅಂದರೆ ಅವರ ಹೊಲಕ್ಕೇ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದದ್ದನ್ನು ನೋಡಿದ ಮೇಲೂ ಸರಾಸರಿ ಮಳೆ ಹಿಡಿದು ಕಾಲುವೆ ಅಳತೆ ಹಾಕುವುದು ತಪ್ಪು.

ಮಳೆ ನೀರಿನ ಕಾಲುವೆ ಬೇರೆ, ಪ್ರೊಡಕ್ಷನ್ ನೀರಿನ ಪೈಪು ಬೇರೆ, ಶೌಚಾಲಯದ್ದು ಬೇರೆ. ಮೂರು ಎಲ್ಲಿಯೂ ಕೂಡಬಾರದು. ಮಳೆಯ ಮೊದಲ ಹೊತ್ತಿನ ನೀರು ಅಂಗಳ ತೊಳೆದು ಬರುವುದರಿಂದ ಅದನ್ನು ಹಿಡಿದಿಡಲು ಒಂದು ತೊಟ್ಟಿ ಬೇಕು. ತೊಟ್ಟಿ ಇರುವುದು ಪ್ಲಾಟಿನ ತಗ್ಗಿನ ಮೂಲೆಯಲ್ಲಿ. ಹಾಗಾಗಿ ತಗ್ಗಿನ ಮೂಲೆಯಲ್ಲಿ ಆಫೀಸು ಬೇಡ. ವಾಸ್ತು ನೋಡುವವರು ಇದಕ್ಕೆ ತಕರಾರು ತೆಗೆಯುತ್ತಾರೆ. ನೀರು ಇಳಿಜಾರನ್ನೇ ನೋಡುತ್ತದೆ.

ಗಾಳಿಯ ದಿಕ್ಕೂ ಹೀಗೇ. ಮಳೆಗಾಲದಲ್ಲಿ ನಮ್ಮಲ್ಲಿ ಪಶ್ಚಿಮದ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಇಟಿಪಿಯ ವಾಸನೆ ಯಾವ ತಿಂಗಳು ಯಾವ ಊರಿಗೆ ಹೋಗುತ್ತದೆ ಅಂತ ನಕ್ಷೆಯ ಮೇಲೆ ಊರಿನ ಹೆಸರು ಬರೆದೇ ನೋಡಬೇಕು. ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು ರಾತ್ರಿ ಕಿಟಕಿ ಮುಚ್ಚಿ ಮಲಗುವುದು ಯಾವ ಪರಿಹಾರದಿಂದಲೂ ಸರಿಹೋಗುವುದಿಲ್ಲ.

ಕರೆಂಟಿನದು ಬೇಗ ಹೇಳಿ ಮುಗಿಸುತ್ತೇನೆ. ಎರಡು ಫೀಡರ್, ಅಂದರೆ ಕರೆಂಟು ತರುವ ಎರಡು ಲೈನು, ಇದೆ ಅಂತ ಹೆಮ್ಮೆಪಡುವವರನ್ನು, ಎರಡೂ ಯಾವ ಸಬ್‌ಸ್ಟೇಷನ್ನಿನಿಂದ ಅಂತ ಕೇಳಿ. ಒಂದೇ ಸಬ್‌ಸ್ಟೇಷನ್ನಿನಿಂದ, ಒಂದೇ ಕಂಬದ ಸಾಲಿನ ಮೇಲೆ ಬಂದಿದ್ದರೆ ಅದು ಒಂದೇ ಫೀಡರ್ ಇದ್ದಂತೆ. ಕರೆಂಟು ಹೋದಾಗ ಏನೇನು ನಡೆಯಲೇಬೇಕು ಅನ್ನೋ ಪಟ್ಟಿಯಲ್ಲಿ ರಿಯಾಕ್ಟರಿನ ಕಲಕುವ ಯಂತ್ರ, ತಣ್ಣೀರಿನ ಪಂಪು, ಕೆಟ್ಟ ಅನಿಲ ತೊಳೆಯುವ ಸ್ಕ್ರಬ್ಬರ್ ಮೊದಲು ಬರಲಿ. ಆಫೀಸಿನ ಎಸಿ ಕೊನೆಗೆ. ಇಟಿಪಿಯ ಗಾಳಿ ಊದುವ ಬ್ಲೋವರ್‌ಗಳನ್ನೂ ಜನರೇಟರಿಗೆ ಸೇರಿಸಿ. ಅವು ತಾಸುಗಟ್ಟಲೆ ನಿಂತರೆ ಹೊಲಸು ತಿನ್ನುವ ಸೂಕ್ಷ್ಮಜೀವಿಗಳು ಉಸಿರುಕಟ್ಟಿ ಸಾಯುತ್ತವೆ, ಮತ್ತೆ ಬೆಳೆಸಲು ವಾರಗಳೇ ಬೇಕು.

ಬೆಂಕಿ ನೀರಿಗೆ ಬೇರೆ ಟ್ಯಾಂಕ್ ಕಟ್ಟಲು ಆಗದಿದ್ದರೆ, ಒಂದೇ ಟ್ಯಾಂಕಿನಲ್ಲಿ ದಿನಬಳಕೆಯ ಪಂಪಿನ ಪೈಪನ್ನು ಎತ್ತರದಲ್ಲಿ, ಫೈರ್ ಪಂಪಿನದನ್ನು ತಳದಲ್ಲಿ ಇಡಿ. ಆಗ ಯಾರು ಮರೆತರೂ ಬೆಂಕಿಯ ಪಾಲಿನ ನೀರು ಉಳಿದಿರುತ್ತದೆ.

ಉರುವಲಿನ ವಿಷಯದಲ್ಲಿ ನಮ್ಮ ಕಡೆಗೆ ಒಂದು ಅನುಕೂಲ ಇದೆ. ತೊಗರಿಯ ನಾಡು ಇದು. ರಾಶಿ ಆದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ಪುಡಿ ಮಾಡಿ ಒತ್ತಿ ಬ್ರಿಕೆಟ್ ಮಾಡಬಹುದು, ಬಾಯ್ಲರಿಗೆ ಅದು ಒಳ್ಳೆಯ ಉರುವಲು. ಆದರೆ ಅದು ಬರುವುದು ಡಿಸೆಂಬರ್ ಆದ ಮೇಲೆ, ಒಂದೇ ಕಾಲಕ್ಕೆ. ಮಳೆಗಾಲದಲ್ಲಿ ನೆಂದರೆ ಬ್ರಿಕೆಟ್ ಉಬ್ಬಿ ಪುಡಿಯಾಗುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಸಾಕಾಗುವಷ್ಟು ಒಣ ಶೆಡ್ ಇದ್ದವರಿಗೆ ಮಾತ್ರ ಆ ಲಾಭ. ಆ ಶೆಡ್ಡಿಗೆ ಜಾಗ ಎಲ್ಲಿ? ಹುಲ್ಲುಹಾಸಿನಲ್ಲಿ, ಪೋರ್ಟಿಕೋದಲ್ಲಿ ಹೋಗಿದೆ.

ಎಲ್ಲ ಕಾರ್ಖಾನೆಗೂ ಇಷ್ಟೆಲ್ಲ ಬೇಕಿಲ್ಲ. ಕಪನೂರಿನ ದಾಲ್ ಮಿಲ್ಲಿಗೆ ಬೇಕಾದದ್ದು ಒಳ್ಳೆಯ ಕರೆಂಟು, ಧೂಳು ಎಳೆಯುವ ವ್ಯವಸ್ಥೆ. ಅಲ್ಲಿ ಇಟಿಪಿಯ ತಲೆನೋವು ಕಡಿಮೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಹಾಗಲ್ಲ. ಕಿಲೋ ಬಟ್ಟೆಗೆ ಹತ್ತಾರು ಲೀಟರ್ ನೀರು, ಹತ್ತಿಗೆ ಬಣ್ಣ ಹಿಡಿಸಲು ಹಾಕುವ ಉಪ್ಪು, ಎರಡೂ ಕೊನೆಗೆ ಒಂದೇ ಪೈಪಿಗೆ ಬರುತ್ತವೆ.

ಅದಕ್ಕೇ ಈಗ ನನ್ನ ಗಮನ ಹೊನ್ನಕಿರಣಗಿಯ ಮೇಲಿದೆ. ಕೇಂದ್ರ ಸರ್ಕಾರ 2023ರಲ್ಲಿ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿದಾಗ ಕಲಬುರಗಿಯೂ ಅದರಲ್ಲಿತ್ತು. ಸಾವಿರ ಎಕರೆಯ ಪಾರ್ಕು. ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಸಿಗಬೇಕು, ಪುಣೆ ಮುಂಬಯಿಗೆ ಗುಳೆ ಹೋಗುವುದು ನಿಲ್ಲಬೇಕು ಅಂತ ನನಗೂ ಆಸೆ ಇದೆ. ಅಂಥ ಪಾರ್ಕಿಗೆ ಬರುವವರೆಲ್ಲ ಒಟ್ಟಿಗೆ ಬರುವುದಿಲ್ಲ. ಮೊದಲು ಹೊಲಿಗೆ ಘಟಕ ಬರಬಹುದು, ಅದರ ಕೆಲಸಕ್ಕೆ ನೀರು ಬೇಕಾಗುವುದು ತೀರಾ ಕಡಿಮೆ. ಬಣ್ಣದ ಘಟಕ ವರ್ಷಗಳ ನಂತರ ಬರಬಹುದು. ಆದ್ದರಿಂದ ಎಲ್ಲರ ಹೊಲಸು ನೀರು ಶುದ್ಧ ಮಾಡುವ ಘಟಕವನ್ನು ಒಂದೇ ದೊಡ್ಡ ತುಂಡಾಗಿ ಕಟ್ಟಬಾರದು, ಚಿಕ್ಕ ಚಿಕ್ಕ ಭಾಗಗಳಾಗಿ ಕಟ್ಟುತ್ತಾ ಹೋಗಬೇಕು. ದೊಡ್ಡ ಟ್ಯಾಂಕಿಗೆ ಸ್ವಲ್ಪ ನೀರು ಬಂದರೆ ಸೂಕ್ಷ್ಮಜೀವಿಗಳಿಗೆ ಹೊಟ್ಟೆ ತುಂಬುವುದಿಲ್ಲ, ಘಟಕ ನಡೆಯುವುದೇ ಇಲ್ಲ. ಬಣ್ಣದ ಘಟಕಗಳನ್ನೆಲ್ಲ ಇಳಿಜಾರಿನ ಒಂದೇ ಬದಿಗೆ ಹಾಕಬೇಕು. ಅಲ್ಲಿಂದ ಶುದ್ಧೀಕರಣ ಘಟಕದ ತನಕ, ಶುದ್ಧವಾದ ನೀರು ವಾಪಸ್ ಬರುವ ಪೈಪೂ ಸೇರಿ, ರ‍್ಯಾಕಿಗೆ ಅಗಲವಾದ ಪಟ್ಟಿ ಬಿಡಬೇಕು. ಪ್ಲಾಟು ಹಂಚಿದ ಮೇಲೆ ಆ ಪಟ್ಟಿ ಸಿಗುವುದಿಲ್ಲ. ಎರೆ ಭೂಮಿ ಅದು, ಹೂಳೋಣ ಅಂತ ಯಾರೂ ಹೇಳಬಾರದು.